ಮೊಳೆ ದಾಟಿದ ರಿಂಗು

ಬಾರ್‌ಸ್ಟೋ, ಕ್ಯಾಲಿಫೋರ್ನಿಯಾ
ಮೇ ೩, ೨೦೦೯, ಭಾನುವಾರ

ಪ್ರೀತಿಯ ಆರ್ಡಿತ್,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೆಬ್ರಾಸ್ಕಾದಲ್ಲಿ ಈ ಸಲ ಹಿಮ ಬೇಗ ಕರಗಿತೆಂದು ಟಿವಿಯಲ್ಲಿ ಹೇಳಿದರು. ಹಾಗಾದರೆ ಮೆಕ್ಕೆಜೋಳದ ಬಿತ್ತನೆ ಮುಗಿದಿರಬೇಕು. ನಿನ್ನ ಮಂಡಿ ನೋವು ಹೇಗಿದೆ? ಚರ್ಚಿನ ಊಟಕ್ಕೆ ಈಗಲೂ ನೀನೇ ಆಲೂಗಡ್ಡೆ ಬೇಯಿಸುತ್ತೀಯಾ, ಅಥವಾ ಯಾರಾದರೂ ಚಿಕ್ಕವರ ತಲೆಗೆ ಕಟ್ಟಿದ್ದೀಯಾ?

ತಡವಾಯಿತು, ಕ್ಷಮಿಸು ಎಂದು ಬರೆಯಬೇಕು. ಆದರೆ ಎರಡು ವರ್ಷ ಸುಮ್ಮನಿದ್ದವಳು ಆ ಮಾತು ಬರೆದರೆ ನೀನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಾಗದವನ್ನು ದೂರ ಸರಿಸುತ್ತೀಯ. ಸರಿಸಬೇಡ, ಪೂರ್ತಿ ಓದು. ನಿಮ್ಮಣ್ಣ ಮೆರಿಲ್ ಹೋದ ಮೇಲೆ ನಾನು ಇಷ್ಟು ಗೊಂದಲಕ್ಕೆ ಬಿದ್ದದ್ದು ಇದೇ ಮೊದಲು. ಇಲ್ಲಿ ಯಾರನ್ನು ಕೇಳಿದರೂ ಒಂದು ತಮಾಷೆ ಮಾಡಿ ಬಿಡುತ್ತಾರೆ. ತಮಾಷೆ ಮಾಡದವಳು ನೀನೊಬ್ಬಳೇ. ಮೆರಿಲ್ ಬದುಕಿದ್ದಾಗ ಅದಕ್ಕೇ ನಿನ್ನನ್ನು ಎಷ್ಟು ರೇಗಿಸುತ್ತಿದ್ದ, ನೆನಪಿದೆಯಲ್ಲ.

ಮೊದಲು ಸುದ್ದಿ. ಮೆರಿಲ್‌ನ ದಾಖಲೆ ಮುರಿಯಿತು. ಅರವತ್ತು ದಾಟಿದವರ ವಿಭಾಗದಲ್ಲಿ, ನಮ್ಮ ಒಣಕೆರೆಯ ಅಂಗಳದಲ್ಲಿ ಗಾಳಿಯಲ್ಲಿ ತೇಲಿಸುವ ಆ ಬಳೆಯಂಥ ಪ್ಲಾಸ್ಟಿಕ್ ರಿಂಗನ್ನು ಅವನು ಅತಿ ದೂರ ಎಸೆದ ದಾಖಲೆ. ಎಷ್ಟು ವರ್ಷದಿಂದ ಯಾರೂ ಹತ್ತಿರ ಹೋಗಿರಲಿಲ್ಲ! ಹೋದ ವಾರದ ಶನಿವಾರ ಡೆಲ್ಮರ್ ದಾಟಿಸಿಬಿಟ್ಟ. ಡೆಲ್ಮರ್ ಗೊತ್ತಲ್ಲ ನಿನಗೆ, ನಮ್ಮ ಮದುವೆಯಲ್ಲಿ ಮೆರಿಲ್‌ನ ಪಕ್ಕದಲ್ಲಿ ನಿಂತು ಉಂಗುರ ಬೀಳಿಸಿದವನು. ಜೀವನಪೂರ್ತಿ ನಿಮ್ಮಣ್ಣನ ಹಿಂದೆ ಎರಡನೆಯವನಾಗಿಯೇ ಇದ್ದವನು. ಫ್ರಿಸ್ಬಿ ತಟ್ಟೆ ಎಸೆದರೂ ಎರಡನೆಯವನು, ರಿಂಗು ಎಸೆದರೂ ಎರಡನೆಯವನು. ಹೆಂಡತಿ ಬಿಟ್ಟುಹೋದ ಮೇಲೆ ಊರಾಚೆ ಒಂದು ಟ್ರೈಲರ್‌ನಲ್ಲಿ ಒಬ್ಬನೇ ಇದ್ದಾನೆ. ಅಲ್ಲಿಗೆ ಅಂಚೆಯವನೂ ಹೋಗುವುದಿಲ್ಲ. ಅವನ ಕಾಗದ ಪತ್ರ, ಪಾರ್ಸಲ್ ಎಲ್ಲ ಬರುವುದು ನಮ್ಮ ಮನೆಗೇ.

ಇನ್ನೊಂದು ವಿಷಯ ಹೇಳದಿದ್ದರೆ ಈ ಕಥೆ ನಿನಗೆ ಅರ್ಥವಾಗುವುದಿಲ್ಲ. ಕೋಪ ಮಾಡಿಕೊಳ್ಳಬೇಡ. ಕಳೆದ ಥ್ಯಾಂಕ್ಸ್‌ಗಿವಿಂಗ್ ದಿನ ಊಟವಾದ ಮೇಲೆ ಡೆಲ್ಮರ್ ನನ್ನ ಪಕ್ಕ ನಿಂತು ಪಾತ್ರೆ ಒರೆಸುತ್ತಿದ್ದ. ಒರೆಸಿದ ಬಾಣಲೆಯನ್ನೇ ಮತ್ತೆ ಮತ್ತೆ ಒರೆಸುತ್ತಾ, "ಲಿಯೊ, ಹಿಂಗೇ ಎಷ್ಟು ದಿನ ಅಂತ ಇಬ್ಬರೂ ಬೇರೆ ಬೇರೆ ಮನೇಲಿ ಒಂದೊಂದು ತಟ್ಟೆ ತೊಳೀತಾ ಕೂರೋದು? ಮದುವೆ ಆಗ್ತೀಯಾ ನನ್ನ?" ಎಂದ. ನನ್ನ ಕೈಯಲ್ಲಿದ್ದ ಲೋಟ ಜಾರಿತು. "ಮೊದಲು ಮೆರಿಲ್‌ನ ದಾಖಲೆಯ ಮೊಳೆ ದಾಟಿಸಿ ತೋರಿಸು, ಆಮೇಲೆ ನೋಡೋಣ" ಎಂದೆ. ಆಗುವುದಿಲ್ಲ ಎನ್ನುವುದಕ್ಕೆ ಅದಕ್ಕಿಂತ ನೋವಾಗದ ಮಾತು ನನಗೆ ಹೊಳೆಯಲಿಲ್ಲ. ಅರವತ್ತೆಂಟರ ಮುದುಕ, ಭುಜ ಹಿಡಿದುಕೊಂಡು ಏಳುವವನು, ಎಲ್ಲಿ ದಾಟಿಸುತ್ತಾನೆ ಎಂದುಕೊಂಡೆ. ಅವನು ಆ ಮಾತನ್ನು ಗಂಟು ಹಾಕಿಕೊಂಡ. ಚಳಿಗಾಲವಿಡೀ ಭುಜಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಅಭ್ಯಾಸ ಮಾಡಿದ. ಓಟಿಸ್‌ಗೆ ಹೇಳಿದ. ಓಟಿಸ್‌ಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

ಓಟಿಸ್ ಎಂದರೆ ತನ್ನ ಶೆಡ್ಡಿನಲ್ಲಿ ಅಚ್ಚು ಇಟ್ಟುಕೊಂಡು ತಟ್ಟೆ, ರಿಂಗು ಮಾಡುವವನು. ಅವನ ಹೆಸರು ನೀನು ಬೇರೆ ಕಾರಣಕ್ಕೆ ಮರೆತಿರಲಿಕ್ಕಿಲ್ಲ. ಮೆರಿಲ್‌ನ ಬೂದಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ರಿಂಗು ಎರಕ ಹೊಯ್ದವನು ಅವನೇ. ಈ ಕಡೆ ನಮ್ಮ ಎಸೆತದವರಲ್ಲಿ ಅದೊಂದು ರೂಢಿ, ಆರ್ಡಿತ್. ಗಾಳಿಗಾಗಿ ಕಾಯುತ್ತಾ ಬದುಕಿದವರು ಸತ್ತ ಮೇಲೆ ಪೆಟ್ಟಿಗೆಯಲ್ಲಿ ಮಲಗಲು ಒಪ್ಪುವುದಿಲ್ಲ. ಹತ್ತಿರದವರಿಗೆಲ್ಲ ಒಂದೊಂದು ರಿಂಗು. ಅದನ್ನು ಯಾರೂ ಎಸೆಯುವುದಿಲ್ಲ, ಗೋಡೆಗೆ ಹಾಕುತ್ತಾರೆ. ನನ್ನದು ಅಡುಗೆಮನೆಯಲ್ಲಿ ಗಡಿಯಾರದ ಕೆಳಗಿದೆ. ಡೆಲ್ಮರ್‌ನದು ಅವನ ಹಾಸಿಗೆಯ ಮೇಲ್ಗಡೆ. ನಿನಗೆ ಈ ಪದ್ಧತಿ ಹಿಡಿಸಲಿಲ್ಲವೆಂದು ಗೊತ್ತು. ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಬೇಕಿತ್ತು ಎಂದು ಫೋನಿನಲ್ಲಿ ಕೂಗಿದೆ. ಆದರೆ ಹೀಗೇ ಮಾಡು ಎಂದು ಆಸ್ಪತ್ರೆಯಲ್ಲಿ ನನ್ನ ಕೈಹಿಡಿದು ಹೇಳಿದ್ದು ಅವನೇ. ನಾನೇನು ಮಾಡಲಿ ಹೇಳು. ಆ ಮಾತು ಈಗ ಬೇಡ.

ಆ ಶನಿವಾರ ಬೆಳಿಗ್ಗೆ ಡೆಲ್ಮರ್ ಫೋನ್ ಮಾಡಿದ. "ಎದ್ಯಾ? ಬೆಟ್ಟದ ಮೇಲೆ ಮೋಡ ಚಪ್ಪಟೆ ಆಗಿದೆ ನೋಡು. ಮಧ್ಯಾಹ್ನಕ್ಕೆ ಬರುತ್ತೆ ಗಾಳಿ. ಬೀನ್ಸ್ ಬೇಯಿಸ್ತಾ ಕೂರಬೇಡ, ಡಬ್ಬಿನೇ ತಗೊಂಡ್ ಬಾ."

"ನೀನೇನು, ಮೊಳೆ ದಾಟಿಸೋಕೆ ಹೊರಟ್ಯಾ?" ಎಂದೆ.

"ನೀನು ಒಳ್ಳೆ ಚಪ್ಪಲಿ ಹಾಕ್ಕೊಂಡ್ ಬಾ. ಮೊಳೆ ಆಚೆ ನಡೀಬೇಕಾಗುತ್ತೆ," ಎಂದು ಫೋನ್ ಇಟ್ಟ. ಆ ವಯಸ್ಸಿಗೆ ಆ ಜಂಬ!

ನಮ್ಮಲ್ಲಿ ದಾಖಲೆ ಬಿದ್ದ ಜಾಗಕ್ಕೆ ಉದ್ದದ ಕಬ್ಬಿಣದ ಮೊಳೆ ಹೊಡೆದು, ಅದರ ತಲೆಗೆ ಬಣ್ಣ ಬಳಿದ ಕಾಫಿ ಡಬ್ಬಿಯ ಮುಚ್ಚಳ ಸಿಕ್ಕಿಸುತ್ತಾರೆ. ಆ ಮೊಳೆಯ ಹತ್ತಿರ ನಿಂತು ಸಾಕ್ಷಿ ಹೇಳಬೇಕಾದವರು ದಾಖಲೆ ಯಾರದೋ ಅವರು, ಇಲ್ಲವೇ ಅವರ ಮನೆಯವರು. ದಾಟಿತು ಎನ್ನಲು ಯಾರಿಗೆ ಮನಸ್ಸು ಬರುವುದಿಲ್ಲವೋ ಅವರ ಬಾಯಿಂದಲೇ ಬರಬೇಕು, ಆಗ ಜಗಳಕ್ಕೆ ಜಾಗವಿಲ್ಲ. ಆದ್ದರಿಂದ ಮೆರಿಲ್ ಹೋದಾಗಿನಿಂದ ಆ ಕೆಂಪು ಮುಚ್ಚಳದ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂರುವವಳು ನಾನೇ. ಬಿಳಿ ನೆಲ, ಬಿಳಿ ಆಕಾಶ, ಕಣ್ಣು ಕೋರೈಸುವಷ್ಟು ಬೆಳಕು. ಎಸೆಯುವವರು ಅಷ್ಟು ದೂರದಲ್ಲಿ ಇರುವೆಗಳು. ಕೈಯಲ್ಲೊಂದು ವಾಕಿಟಾಕಿ.

ಮೂರು ಗಂಟೆಯ ಸುಮಾರಿಗೆ ಗಾಳಿ ಬಂತು. ಅಂಥ ಗಾಳಿ ವರ್ಷಕ್ಕೊಂದು ಸಲ ಬಂದರೆ ಪುಣ್ಯ. ನನ್ನ ಕುರ್ಚಿ ಉರುಳಿಕೊಂಡು ಹೋಯಿತು. ವಾಕಿಟಾಕಿಯಲ್ಲಿ ಒಂದೇ ಗದ್ದಲ. ಡೆಲ್ಮರ್ ತನ್ನ ಪಳಗಿದ ರಿಂಗುಗಳನ್ನೆಲ್ಲ ಎಸೆದು ಮುಗಿಸಿದ. ಒಂದು ಎಡಕ್ಕೆ ಹೋಯಿತು, ಒಂದು ನೆಲಕ್ಕೆ ಮೂಗು ಕುಟ್ಟಿತು, ಉಳಿದವು ಎಲ್ಲಿ ಹೋದವೋ. "ಲಿಯೊ, ನಿನ್ನ ವ್ಯಾನಲ್ಲಿ ಹೊಸ ಪೆಟ್ಟಿಗೆ ಇದೆ ಅಲ್ವಾ, ಪೋಸ್ಟಲ್ಲಿ ಬಂದಿದ್ದು?" ಎಂದು ಕೂಗಿದ. ಇದೆ, ತಗೋ ಎಂದೆ. ವ್ಯಾನನ್ನು ಎಸೆಯುವ ಗೆರೆಯ ಬಳಿಯೇ ಬಿಟ್ಟು ಬಂದಿದ್ದೆ. ಪೆಟ್ಟಿಗೆ ಹರಿಯುವ ಸದ್ದೂ ವಾಕಿಟಾಕಿಯಲ್ಲಿ ಕೇಳಿಸಿತು. ಹೊಸ ರಿಂಗನ್ನು ಯಾರೂ ಹಾಗೆ ಎಸೆಯುವುದಿಲ್ಲ. ಒಂದಷ್ಟು ಸಲ ಎಸೆದು ನೋಡಿ, ಯಾವ ಕಡೆ ವಾಲುತ್ತದೆಂದು ತಿಳಿದು, ಅಂಚನ್ನು ಕೈಯಲ್ಲಿ ಬಗ್ಗಿಸಿ ಹದ ಮಾಡಬೇಕು. ಅದಕ್ಕೆಲ್ಲ ಪುರುಸೊತ್ತೆಲ್ಲಿ? "ಬಿಟ್ಟೆ!" ಎಂದ.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಆಕಾಶದಲ್ಲಿ ಒಂದು ಸಣ್ಣ ಗೀಟು. ಅದು ಇಳಿಯುತ್ತದೆಂದು ಕಾದೆ, ಇಳಿಯಲಿಲ್ಲ. ನನ್ನ ಕಡೆಗೇ ನೆಟ್ಟಗೆ ಬಂತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಆರ್ಡಿತ್, ಆಗ ನಾನು ಏನು ಮಾಡಿದೆ ಗೊತ್ತೇ? ಎರಡೂ ಕೈ ಎತ್ತಿ "ಹೋಗು! ಹೋಗು! ಹೋಗೋ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಗಂಡನ ದಾಖಲೆ ಕಾಯಲು ನಿಂತವಳು! ಅದು ನನ್ನ ತಲೆಯ ಮೇಲೆ, ಕೆಂಪು ಮುಚ್ಚಳದ ಮೇಲೆ ಹಾದುಹೋಗಿ, ಒಂದು ಕಾರಿನಷ್ಟು ಉದ್ದ ಮುಂದೆ ನೆಲ ಮುಟ್ಟಿತು. ಮುಟ್ಟಿದ್ದನ್ನು ಕಣ್ಣಾರೆ ನೋಡಿದೆ. ಧೂಳು ಎದ್ದದ್ದನ್ನೂ ನೋಡಿದೆ. ನಗುತ್ತಾ ಓಡಿಹೋಗಿ ಎತ್ತಿಕೊಂಡೆ.

ಎತ್ತಿಕೊಂಡ ತಕ್ಷಣ ನಗು ನಿಂತಿತು. ರಿಂಗು ಸ್ವಲ್ಪ ಭಾರವಿತ್ತು. ತಿರುಗಿಸಿದೆ. ಹಳದಿ ಪ್ಲಾಸ್ಟಿಕ್ಕಿನೊಳಗೆ ಬೂದು ಚುಕ್ಕೆಗಳು, ಒಳಗಡೆ ಓಟಿಸ್ ಒತ್ತಿದ ಮೆರಿಲ್‌ನ ಹೆಸರಿನ ಮೊದಲಕ್ಷರ. ನಾನು ಎತ್ತಿಕೊಂಡದ್ದು ನಿಮ್ಮಣ್ಣನನ್ನು.

ಅಂಗಿಯ ತುದಿಯಿಂದ ಅದರ ಧೂಳು ಒರೆಸಿದೆ. ಅಷ್ಟರಲ್ಲಿ ಪಿಕಪ್ ಬಂತು. ಯೊಲಾಂಡಾ ಇಳಿದಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ, ನಮ್ಮ ಪಂದ್ಯಗಳಿಗೆ ಅಳತೆಗಾರ್ತಿ, ತುಂಬಾ ಖಡಕ್ಕು. "ಲಿಯೋಟಾ, ಮೊದಲು ಮುಟ್ಟಿದ ಜಾಗ ಎಲ್ಲಿ? ಸರಿಯಾಗಿ ನೋಡಿದ್ರಾ ನೀವು?" ಎಂದಳು. ನೋಡಿದೆ ಎಂದು ತೋರಿಸಿದೆ. ಅದು ಸುಳ್ಳಲ್ಲ. ಅವಳು ಅಳತೆಯ ಯಂತ್ರ ಇಟ್ಟು, ಎರಡು ಸಲ ಅಳೆದು, "ದಾಟಿದೆ" ಎಂದಳು. ರಿಂಗನ್ನು ತೂಗಬೇಕಿತ್ತು, ಇಷ್ಟಕ್ಕಿಂತ ಭಾರವಿರಬಾರದು ಎಂದು ನಿಯಮವಿದೆ. ಆದರೆ ಆ ಗಾಳಿಯಲ್ಲಿ ತಕ್ಕಡಿ ನಿಲ್ಲುತ್ತದೆಯೇ? "ಎತ್ತಿದವರ ಹತ್ತಿರವೇ ಇರಲಿ. ಮೇ ನಾಲ್ಕರ ಸೋಮವಾರ ಶಾಲೆ ತಕ್ಕಡಿ ತಗೊಂಡು ನಿಮ್ಮ ಮನೆಗೆ ಬರ್ತೀನಿ. ತೂಗಿ, ಸೀಲ್ ಮಾಡಿ, ನಮ್ಮ ಎಸೆತದ ಸಂಘದ ಕಚೇರಿಗೆ ಕಳಿಸಿಬಿಡೋಣ" ಎಂದಳು. ದಾಖಲೆಯ ರಿಂಗು ಅಲ್ಲಿಗೆ ಹೋದರೆ ಮುಗಿಯಿತು. ಯಾವುದೋ ಕಪಾಟಿನಲ್ಲಿ ಚೀಟಿ ಅಂಟಿಸಿಕೊಂಡು ಕೂರುತ್ತದೆ, ವಾಪಸು ಬರುವುದಿಲ್ಲ. ನಾನು ರಿಂಗನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ನೋಡಿದವರು ಏನೇನು ಅರ್ಥ ಮಾಡಿಕೊಂಡರೋ.

ಡೆಲ್ಮರ್ ಕಾರಿನಲ್ಲಿ ಬರಲಿಲ್ಲ. ಅಷ್ಟೂ ದೂರ ಸೊಟ್ಟಗಾಲು ಹಾಕಿಕೊಂಡು ಓಡಿಬಂದ. ಮೊಳೆಯ ಹತ್ತಿರ ಮಂಡಿಯೂರಿ ಕೂತು, ಟೋಪಿ ತೆಗೆದು, ಮಗುವಿನ ಹಾಗೆ ಅತ್ತ. ನನ್ನ ಕಡೆ ನೋಡಿದ. ಮದುವೆಯ ಮಾತೆತ್ತಿದವನು ಓಟಿಸ್. "ಏನಮ್ಮಾ ಲಿಯೋಟಾ, ಮದುವೆ ಊಟಕ್ಕೆ ಯೊಲಾಂಡಾ ತಮಾಲೆ ಕಡುಬು ಮಾಡ್ತಾಳಂತೆ. ಕೋಳಿದೋ ಹಂದಿದೋ, ಅಷ್ಟು ಹೇಳಿಬಿಡು." ಎಲ್ಲರೂ ನಕ್ಕರು. ನಾನೂ ನಕ್ಕೆ. ಟವೆಲಿನೊಳಗೆ ಮೆರಿಲ್.

ಅಲ್ಲಿಂದ ಈ ವಾರವಿಡೀ ರಿಂಗು ನನ್ನ ಊಟದ ಮೇಜಿನ ಮೇಲಿದೆ. ಕಾಫಿ ಕುಡಿಯುವಾಗ ಅದಕ್ಕೆ ಎದುರಾಗಿ ಕೂರುತ್ತೇನೆ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ದಾಖಲೆ ಮುರಿದದ್ದು ಯಾರು? ಎಸೆದವನು ಡೆಲ್ಮರ್, ಹಾರಿದವನು ಮೆರಿಲ್. ಹದ ಮಾಡದ ರಿಂಗು ಹಾಗೆ ನೆಟ್ಟಗೆ ಬಂದದ್ದು ಹೇಗೆ? ಗಾಳಿಯೋ, ಡೆಲ್ಮರ್‌ನ ಚಳಿಗಾಲದ ಅಭ್ಯಾಸವೋ, ಬೂದಿಯ ಭಾರವೋ? ಸುಮ್ಮನೆ ಕೇಳುವವಳಂತೆ ಓಟಿಸ್‌ನನ್ನು ಕೇಳಿದೆ, ಭಾರದ ರಿಂಗು ಜಾಸ್ತಿ ದೂರ ಹೋಗುತ್ತದೆಯೇ ಎಂದು. "ಒಂದೊಂದ್ ಸಲ ಹೋಗುತ್ತೆ, ಒಂದೊಂದ್ ಸಲ ಅಲ್ಲೇ ಮೂಗು ಕುಟ್ಟುತ್ತೆ. ಯಾಕೆ, ನೀನೂ ಎಸೀತೀಯಾ?" ಎಂದ. ಅವನಿಂದ ಅಷ್ಟೇ ಗೊತ್ತಾದದ್ದು.

ನಿದ್ದೆ ಕೆಡಿಸುತ್ತಿರುವುದು ಅದಲ್ಲ. ನಾನು ಕೂಗಿದೆನಲ್ಲ, ಅದು. ಆ ಕ್ಷಣದಲ್ಲಿ ನನಗೆ ಬೂದಿಯ ವಿಷಯ ಗೊತ್ತಿರಲಿಲ್ಲ. ಬರುತ್ತಿರುವುದು ಡೆಲ್ಮರ್‌ನ ಎಸೆತ, ದಾಟಬೇಕಾದದ್ದು ಗಂಡನ ಮೊಳೆ ಎಂದಷ್ಟೇ ಗೊತ್ತಿತ್ತು. ಆದರೂ ಹೋಗು ಎಂದೆ. ಡೆಲ್ಮರ್ ನನ್ನ ಮನೆಗೆ ಬರಲಿ ಎಂಬ ಆಸೆ ನನಗೇ ತಿಳಿಯದಂತೆ ಒಳಗೆ ಕೂತಿತ್ತೇ? ಅಥವಾ ಇಷ್ಟು ವರ್ಷ ಆ ಮೊಳೆ ಕಾದು ಕಾದು ಸಾಕಾಗಿತ್ತೇ? ನಮ್ಮ ಮದುವೆಯ ದಿನಗಳೆಲ್ಲ ಆ ಕೆರೆಯಂಗಳದಲ್ಲೇ ಕಳೆದವು, ಗಾಳಿ ಬರುತ್ತದೆ ಈಗ ಬರುತ್ತದೆ ಎನ್ನುತ್ತಾ. ನಿಮ್ಮಣ್ಣನನ್ನು ನಾನು ತುಂಬಾ ಪ್ರೀತಿಸಿದ್ದೇನೆ. ಅವನ ಗಾಳಿಯನ್ನು ಪ್ರೀತಿಸಿದ್ದೆನೋ ಇಲ್ಲವೋ ಹೇಳಲಾರೆ. ಒಂದು ದಿನ ಡೆಲ್ಮರ್‌ನ ಪರವಾಗಿ ಕೂಗಿದೆ ಅನಿಸುತ್ತದೆ. ಮರುದಿನ, ಇಲ್ಲ, ಹೆಂಗಸಿಗೆ ತನ್ನ ಗಂಡ ಎಷ್ಟು ದೂರದಿಂದ ಬಂದರೂ ಗೊತ್ತಾಗುತ್ತದೆ, ಅವನನ್ನೇ ಕೂಗಿದೆ ಅನಿಸುತ್ತದೆ. ಆಮೇಲೆ, ಇದೆಲ್ಲ ನನಗೆ ಅನುಕೂಲವಾದ ಕಥೆ ಅನಿಸುತ್ತದೆ.

ನಿನ್ನೆ ಡೆಲ್ಮರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಂಗಡಿಯ ಪೀಚ್ ಪೈ. ಅವನಿಗೆ ಹೇಳದೆ ಯೊಲಾಂಡಾಗೆ ಹೇಳುವುದು ಸರಿಯಲ್ಲವೆಂದು ಟವೆಲು ಬಿಚ್ಚಿ ರಿಂಗನ್ನು ಅವನ ಮುಂದಿಟ್ಟೆ. ಕನ್ನಡಕ ಹಾಕಿಕೋ ಎಂದೆ. ಗಾಳಿಯಲ್ಲಿ ಅವನು ಕನ್ನಡಕ ಹಾಕುವುದಿಲ್ಲ, ಧೂಳು ಕೂರುತ್ತದೆ. ಅದಕ್ಕೇ ಆ ದಿನ ನೋಡಿರಲಿಲ್ಲ.

ಹಾಕಿಕೊಂಡು ನೋಡಿದ. ಮೊದಲಕ್ಷರದ ಮೇಲೆ ಬೆರಳಾಡಿಸಿದ. "ಇದು ನಂದಲ್ಲ. ನಂದು ಗೋಡೆ ಮೇಲಿದೆ" ಎಂದ.

"ಗೊತ್ತು."

"ಹಂಗಾದ್ರೆ ಇವನು ಎಲ್ಲಿಂದ ಬಂದ?"

"ನಿನ್ನದು ಅಂತ ನೀನು ಬಿಚ್ಚಿದ ಪೆಟ್ಟಿಗೆಯಿಂದ. ಅದು ನಿನ್ನದಾಗಿರಲಿಲ್ಲ, ಡೆಲ್ಮರ್. ವ್ಯಾನಿನಲ್ಲಿ ಎರಡು ಪೆಟ್ಟಿಗೆ ಇದ್ದವು. ನಾನೂ ಮರೆತಿದ್ದೆ."

ಅವನು ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಅಂದ್ರೆ ನಾನು ಅವನನ್ನ ಎಸೆದ್ನಾ? ಎಸೆದು, ಅವನ ಮೊಳೆನೇ ದಾಟಿಸಿ, ಮೇಲೆ ಕೈ ಎತ್ತಿ ಕುಣಿದ್ನಾ?" ಎಂದು ನಗತೊಡಗಿದ. ಬಿದ್ದು ಬಿದ್ದು ನಕ್ಕ. "ನೋಡೇ ಇವನ ಕೊಬ್ಬು! ಇವನನ್ನ ಸೋಲಿಸೋಕೂ ಇವನೇ ಬರಬೇಕಾಯ್ತು!" ನಗುತ್ತಲೇ ಕಣ್ಣು ಒರೆಸಿಕೊಂಡ. ಆಮೇಲೆ ನಗು ನಿಂತು ಒರೆಸಿಕೊಳ್ಳುವುದು ಮಾತ್ರ ಉಳಿಯಿತು.

ತೂಗಿದರೆ ಭಾರ ಜಾಸ್ತಿ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ದಾಖಲೆ ಅವನದು, ರಿಂಗು ಸಂಘದ್ದು. ತೂಗದೆ ಇಟ್ಟುಕೊಂಡರೆ ರಿಂಗು ಉಳಿಯುತ್ತದೆ, ದಾಖಲೆ ಹೋಗುತ್ತದೆ. ಸೋಮವಾರ ಯೊಲಾಂಡಾಗೆ ಏನು ಹೇಳಲಿ ಎಂದು ಕೇಳಿದೆ.

"ನನ್ನನ್ನ ಕೇಳಬೇಡ," ಎಂದ. "ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಒಂದೇ ಒಂದ್ ಸಲ, ಲಿಯೊ, ಒಂದೇ ಸಲ ಅವನ ಮುಂದೆ ಇದ್ದೆ. ಆದ್ರೆ ಮೊಳೆ ಹತ್ರ ನಿಂತೋಳು ನೀನು. ನೀನು ಹೇಳಿದ್ದೇ ಮಾತು." ಬಾಗಿಲ ತನಕ ಹೋಗಿ ತಿರುಗಿ, "ದಾಖಲೆ ಇಲ್ಲ ಅಂತಾದ್ರೆ, ಆ ಇನ್ನೊಂದು ಮಾತೂ ಇಲ್ಲ ಅಂತಾನಾ?" ಎಂದ.

"ಪೈ ಬಿಟ್ಟು ಹೋಗ್ತಿದ್ದೀಯಲ್ಲ, ಕೂತು ತಿನ್ನು" ಎಂದೆ. ತಿಂದ. ಇಬ್ಬರೂ ತಿಂದೆವು. ನಡುವೆ ರಿಂಗು ಇತ್ತು. ಮೂವರೂ ಕೂತು ತಿಂದಂತೆ ಇತ್ತು ಎಂದರೆ ನೀನು ಬೈಯುತ್ತೀಯೇನೋ.

ರಿಂಗನ್ನು ಕೊಡುವುದಿಲ್ಲವೆಂದು ಇವತ್ತು ಬೆಳಿಗ್ಗೆ ತೀರ್ಮಾನಿಸಿದೆ. ಕೊಡಲು ಅದು ನನ್ನದಲ್ಲ. ನಾಳೆ ಯೊಲಾಂಡಾಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಡೆಲ್ಮರ್‌ನ ಹೆಸರು ಎಲ್ಲೂ ಬರುವುದಿಲ್ಲ. ಅವನಿಗೆ ಉತ್ತರ ಹೇಳುವುದು ಇನ್ನೂ ಬಾಕಿಯಿದೆ. ಮೊಳೆಯ ನೆಪ ಈಗಿಲ್ಲ. ಹೂಂ ಎಂದರೆ ದಾಖಲೆ ಕಿತ್ತುಕೊಂಡದ್ದಕ್ಕೆ ಸಮಾಧಾನ ಮಾಡಿದಂತೆ ಆಗುತ್ತದೆಯೇ? ಉಹೂಂ ಎಂದರೆ ನಾನು ಕೂಗಿದ್ದು ಸುಳ್ಳಾಗುತ್ತದೆಯೇ? ನೀನು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ನೀನು ಬೈದು ಬರೆದರೂ ಸರಿ, ನಿನ್ನ ಅಕ್ಷರ ನೋಡಿದರೆ ನನಗೆ ಧೈರ್ಯ ಬರುತ್ತದೆ.

ಮಕ್ಕಳಿಗೆ ನನ್ನ ಮುತ್ತು. ಚಿಕ್ಕವನು ಈಗ ಎತ್ತರ ಬೆಳೆದಿರಬೇಕು. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ಹೊಲಕ್ಕೆ ಹೊತ್ತಿಗೆ ಸರಿಯಾಗಿ ಮಳೆ ಕೊಡಲಿ, ನಿನ್ನ ಮನೆಯ ಮೇಲೆ ಅವನ ಕೈ ಇರಲಿ.

ಹಾಗೆ ಹೇಳಿಕೊಳ್ಳಲು ಇನ್ನೂ ಬಿಡುತ್ತೀಯಾದರೆ,
ನಿನ್ನ ಅತ್ತಿಗೆ,
ಲಿಯೋಟಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿದ್ದು. ಡೆಲ್ಮರ್ ಬಿಚ್ಚಿದ ಪೆಟ್ಟಿಗೆ ನಿನ್ನದು. ಎರಡು ವರ್ಷದ ಹಿಂದೆ ನಾನು ಕಳಿಸಿದ್ದು, ನೀನು ಮೇಲೆ "ಬೇಡ" ಎಂದು ಬರೆದು ವಾಪಸು ಮಾಡಿದ್ದು. ಅದನ್ನು ಮನೆಯೊಳಗೆ ತರಲೂ ಆಗದೆ ಎಸೆಯಲೂ ಆಗದೆ ವ್ಯಾನಿನಲ್ಲೇ ಇಟ್ಟಿದ್ದೆ. ಇಷ್ಟು ದಿನ ಯಾಕೆ ಬಿಚ್ಚಲಿಲ್ಲ ಗೊತ್ತೇ? ಒಳಗೆ ನೀನು ಒಂದು ಸಾಲು ಬರೆದಿಟ್ಟಿರುತ್ತೀಯ ಎಂದು ನಂಬಿಕೊಂಡಿದ್ದೆ. ಬೈಗುಳವೇ ಇರಲಿ, ಏನೋ ಒಂದು ಸಾಲು. ಬಿಚ್ಚದಿದ್ದರೆ ಅದು ಇದ್ದೇ ಇರುತ್ತದಲ್ಲ. ಆ ದಿನ ಸಂಜೆ ವ್ಯಾನಿಗೆ ಹೋಗಿ ಹರಿದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಏನೂ ಬೀಳಲಿಲ್ಲ. ಟೇಪು ಕೂಡ ನಾನು ಅಂಟಿಸಿದ್ದೇ ಆಗಿತ್ತು. ನೀನು ಅವನನ್ನು ಬಿಚ್ಚಿಯೂ ನೋಡಿರಲಿಲ್ಲ, ಆರ್ಡಿತ್. ಈಗ ರಿಂಗನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಜೂನ್‌ನಲ್ಲಿ ನಾನೇ ವ್ಯಾನು ಓಡಿಸಿಕೊಂಡು ನೆಬ್ರಾಸ್ಕಾಗೆ ತರುತ್ತೇನೆ. ಅಮ್ಮನ ಪಕ್ಕದಲ್ಲಿ ಹೂಳುತ್ತೀಯೋ, ಗೋಡೆಗೆ ಹಾಕುತ್ತೀಯೋ, ನಿನ್ನಿಷ್ಟ, ನಾನು ಏನೂ ಅನ್ನುವುದಿಲ್ಲ. ಬಾಗಿಲು ತೆಗೆಯುತ್ತೀಯಾ ಇಲ್ಲವಾ, ಅಷ್ಟು ಮಾತ್ರ ಬರೆ.